ಮರುನಾಡಿನಲ್ಲಿ ಮೋರ್ಸಿಂಗ್

ಸಂಗೀತ ಕಛೇರಿಯ ಆಮಂತ್ರಣ ಪತ್ರಿಕೆಯನ್ನು ಓದುಗರು ಒಮ್ಮೆ ಗಮನವಿಟ್ಟು ನೋಡಬೇಕು. ಹಾಡುವವರ ಹೆಸರು ಮೇಲೆ, ದಪ್ಪಕ್ಷರದಲ್ಲಿ. ಅದರ ಕೆಳಗೆ ಪಿಟೀಲು. ಪಿಟೀಲಿನ ಕೆಳಗೆ ಮೃದಂಗ. ಜಾಗ ಉಳಿದಿದ್ದರೆ ಘಟ. ಎಲ್ಲಕ್ಕೂ ಕೆಳಗೆ, 'ಸರ್ವರಿಗೂ ಸ್ವಾಗತ' ಎಂಬ ಸಾಲಿಗೆ ತಲೆ ತಾಗುವಂತೆ, ಮೋರ್ಸಿಂಗ್. ಖರ್ಚು ಕಡಮೆ ಮಾಡಬೇಕೆಂದು ಸಂಘದ ಖಜಾಂಚಿಗಳು ಪೆನ್ಸಿಲು ಹಿಡಿದಾಗ ಮೊದಲು ಗೀಟು ಬೀಳುವುದೂ ಆ ಕಡೆಯ ಹೆಸರಿನ ಮೇಲೆಯೇ.

ವಾದ್ಯವೂ ಹಾಗೆಯೇ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ಕುದುರೆಯ ಲಾಳದಂಥ ಕಬ್ಬಿಣದ ಬಳೆ, ಬಳೆಯಿಂದ ಮುಂದಕ್ಕೆ ಚಾಚಿದ ಎರಡು ತೋಳು, ತೋಳುಗಳ ನಡುವೆ ತುದಿ ಬಾಗಿದ ಒಂದು ಉಕ್ಕಿನ ನಾಲಿಗೆ. ಹಲ್ಲಿಗೆ ಒತ್ತಿ ಹಿಡಿದು ಬೆರಳಿನಿಂದ ಮೀಟಿದರೆ ಬಾಯಿಯ ಪೊಳ್ಳಿನಲ್ಲಿ ನಾದ ತುಂಬುತ್ತದೆ. ವೀಣೆಗೆ ಬುರುಡೆಯುಂಟು, ತಂಬೂರಿಗೆ ಬುರುಡೆಯುಂಟು, ಮೋರ್ಸಿಂಗಿಗೆ ನುಡಿಸುವವನ ಬುರುಡೆಯೇ ಬುರುಡೆ ಎಂದು ನಾವು ಬಲ್ಲ ವಿದ್ವಾಂಸರೊಬ್ಬರು ಹೇಳುವುದುಂಟು. ಈ ಬರಹ ಅವರನ್ನು ಕುರಿತದ್ದು. ಅವರು ಎರಡು ಕಛೇರಿಗಳ ನಡುವೆ ಸಿಕ್ಕ ಒಂದೂವರೆ ದಿನ ಜೋಧಪುರವೆಂಬ ಗುರುತಿಲ್ಲದ ಊರನ್ನು ಸುತ್ತಿದ್ದನ್ನು ಕುರಿತದ್ದು. ಹೆಸರು ಹಾಕಬಾರದೆಂದು ಅವರು ಕಟ್ಟುಮಾಡಿದ್ದಾರೆ. ಮೈಸೂರಿನ ಕಡೆಯವರು, ಅರವತ್ತು ದಾಟಿದವರು, ನಾವೆಲ್ಲರೂ 'ಮೇಷ್ಟ್ರು' ಎನ್ನುತ್ತೇವೆ ಎಂದಿಷ್ಟು ಹೇಳಿದರೆ ಸಾಕು.

೨೦೨೪ರ ನವೆಂಬರ್ ತಿಂಗಳು. ರಾಜ್ಯೋತ್ಸವದ ನಿಮಿತ್ತ ದೆಹಲಿಗೆ ಬಂದಿದ್ದ ಗಾಯಕಿಯೊಬ್ಬರ ತಂಡಕ್ಕೆ ಜೋಧಪುರದಿಂದಲೂ ಕರೆ ಬಂದಿತ್ತು. ಅಲ್ಲಿ ಶನಿವಾರ ಸಂಜೆ ಒಂದು, ಸೋಮವಾರ ಸಂಜೆ ಒಂದು, ಹೀಗೆ ಎರಡು ಕಛೇರಿ. ಹಿಂದಿ ಬಲ್ಲವರು ಯಾರಾದರೂ ಜೊತೆಗಿದ್ದರೆ ಒಳ್ಳೆಯದು ಎಂದು ಸಂಘದ ಕಾರ್ಯದರ್ಶಿಗಳು ನಮ್ಮನ್ನೂ ನಮ್ಮ ಮನೆಯವರನ್ನೂ ಒಪ್ಪಿಸಿದರು. ಎರಡು ದಿನ ಸಾಂದರ್ಭಿಕ ರಜೆ ಹಾಕಿ ಹೊರಟೆವು. "ನೀವೂ ಕಛೇರಿಯವರು, ನಾವೂ ಕಛೇರಿಯವರು, ನಿಮ್ಮದರಲ್ಲಿ ನಿದ್ದೆ ಮಾಡೋರು ಕುರ್ಚಿ ಮೇಲೆ ಇರ್ತಾರೆ, ನಮ್ಮದರಲ್ಲಿ ಎದುರಿಗಿರ್ತಾರೆ, ಅಷ್ಟೇ ವ್ಯತ್ಯಾಸ" ಎಂದು ಮೇಷ್ಟ್ರು ರೈಲಿನಲ್ಲಿಯೇ ನಮ್ಮ ಸಂಕೋಚವನ್ನು ಕಳೆದರು.

ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವ ಮಂಡೋರ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದದ್ದು. ಜೋಧಪುರದಲ್ಲಿ ಕನ್ನಡದವರು ನಾವೆಣಿಸಿದ್ದಕ್ಕಿಂತ ಹೆಚ್ಚು. ವಾಯುಪಡೆಯಲ್ಲಿರುವವರು, ೨೦೦೮ರಲ್ಲಿ ಆರಂಭವಾದ ಐ.ಐ.ಟಿ.ಯಲ್ಲಿ ಪಾಠ ಹೇಳುವವರು, ಏಮ್ಸ್ ಆಸ್ಪತ್ರೆಯ ದಾದಿಯರು ಮತ್ತು ಡಾಕ್ಟರುಗಳು, ೧೯೫೯ರಿಂದ ಇರುವ ಕೇಂದ್ರ ಶುಷ್ಕ ವಲಯ ಸಂಶೋಧನಾ ಸಂಸ್ಥೆಯ ಒಬ್ಬಿಬ್ಬರು. ಶನಿವಾರದ ಕಛೇರಿಗೆ ಇವರೆಲ್ಲ ಮಕ್ಕಳು ಮರಿ ಸಮೇತ ಬಂದಿದ್ದರು. ಹಿಂದಿನ ಸಾಲಿನಲ್ಲಿ ಬಿಸಿಬೇಳೆ ಭಾತಿನ ಪಾತ್ರೆಗಳೂ ಬಂದು ಕುಳಿತಿದ್ದವು.

ಕಛೇರಿಗೆ ಮೊದಲು ತೊಂದರೆ ಕೊಟ್ಟದ್ದು ಗಾಳಿ. ಮೃದಂಗದ ಎಡಗಡೆಗೆ ಮೆತ್ತುವ ರವೆಯ ಕಣಕ ನಮ್ಮ ಕಡೆ ಕಛೇರಿ ಮುಗಿಯುವವರೆಗೂ ಹಸಿಯಾಗಿರುತ್ತದೆ. ಇಲ್ಲಿ ಎರಡನೆಯ ಕೀರ್ತನೆಗೇ ಒಣಗಿ ಅಂಚು ಬಿಡತೊಡಗಿತು. ಬಲಗಡೆಯ ಚರ್ಮ ಬಿಗಿದು ಶ್ರುತಿ ಏರುತ್ತಿತ್ತು. ಮೃದಂಗದವರು ನೀರಿನ ಬಟ್ಟಲು ಒಂದು ಕೈಯಲ್ಲಿ, ಗುಂಡುಕಲ್ಲು ಇನ್ನೊಂದು ಕೈಯಲ್ಲಿ ಹಿಡಿದೇ ಸಂಜೆಯನ್ನು ಕಳೆದರು. "ನಮ್ಮದು ಕಬ್ಬಿಣ, ನಮಗೇನು ಚಿಂತೆ" ಎಂದು ಮೇಷ್ಟ್ರು ನಗುತ್ತಿದ್ದರು. ತನಿ ಆವರ್ತನದಲ್ಲಿ, ಮೃದಂಗಕ್ಕೆ ಉತ್ತರ ಕೊಡುತ್ತ ನಾಲ್ಕನೆಯ ಸುತ್ತಿಗೆ ಬಂದಾಗ, ಟಿಣ್ ಎಂಬ ಸಣ್ಣ ಸದ್ದಾಯಿತು. ಮೇಷ್ಟ್ರು ಕೈ ಇಳಿಸಿಬಿಟ್ಟರು. ಸಭೆಯಲ್ಲಿ ಹೆಚ್ಚಿನವರಿಗೆ ತಿಳಿಯಲೇ ಇಲ್ಲ. ಮೃದಂಗದವರು ಹೇಗೋ ಮುಕ್ತಾಯ ಮಾಡಿ ಮುಗಿಸಿದರು. ಮೋರ್ಸಿಂಗಿನ ನಾಲಿಗೆ ಬುಡದಲ್ಲಿ ಮುರಿದಿತ್ತು.

ಒಂದು ತುಂಡು ಕಬ್ಬಿಣಕ್ಕೆ ಇಷ್ಟೇಕೆ ಎನ್ನುವವರಿಗೆ ಒಂದು ಮಾತು. ಮೃದಂಗವನ್ನು ಬಡಿದು ಶ್ರುತಿ ಮಾಡಬಹುದು, ಪಿಟೀಲಿನ ತಂತಿ ತಿರುಗಿಸಬಹುದು. ಮೋರ್ಸಿಂಗಿಗೆ ಆ ಅನುಕೂಲವಿಲ್ಲ. ಒಂದೊಂದು ಮೋರ್ಸಿಂಗಿಗೆ ಒಂದೊಂದೇ ಶ್ರುತಿ. ಅದಕ್ಕಾಗಿ ವಾದಕರು ನಾಲ್ಕೈದನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಾರೆ. ಗಾಯಕಿಯವರದು ಐದೂವರೆ ಮನೆ ಶ್ರುತಿ. ಮೇಷ್ಟ್ರ ಚೀಲದಲ್ಲಿ ಐದೂವರೆಗೆ ಇದ್ದದ್ದು ಅದೊಂದೇ, ಅದೂ ಗುರುಗಳು ಕೊಟ್ಟದ್ದು, ನಲವತ್ತೆರಡು ವರ್ಷ ಅವರ ಹಲ್ಲಿನ ಸಂಗಡ ಬಾಳಿದ್ದು. ಮುಂದೆ ಡಿಸೆಂಬರಿನಲ್ಲಿ ಇದೇ ಗಾಯಕಿಯವರೊಂದಿಗೆ ಮದರಾಸಿನಲ್ಲಿ ಆರು ಕಛೇರಿ ಒಪ್ಪಿಯಾಗಿತ್ತು. ಮೋರ್ಸಿಂಗ್ ಇಲ್ಲವಾದರೆ ಆ ಜಾಗಕ್ಕೆ ಘಟ ಬರುತ್ತದೆ. ಹಾಗೆ ಒಮ್ಮೆ ಬಂದ ಘಟ ಮತ್ತೆ ಎದ್ದುಹೋಗುವುದಿಲ್ಲ. ಇದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಗಾಯಕಿಯವರು, "ಸೋಮವಾರ ನೀವು ಸುಮ್ಮನೆ ಜೊತೆಗೆ ಕೂತಿರಿ ಮೇಷ್ಟ್ರೇ, ಸಂಭಾವನೆ ವಿಚಾರ ಯೋಚನೆ ಮಾಡಬೇಡಿ" ಎಂದರು. "ಸುಮ್ಮನೆ ಕೂತು ದುಡ್ಡು ತೊಗೊಳ್ಳೋದಕ್ಕೆ ನಾನೇನು ಸಭೆಯ ಅಧ್ಯಕ್ಷನೇನಮ್ಮ?" ಎಂದು ಮೇಷ್ಟ್ರು ಎದ್ದು ಹೋದರು.

ಭಾನುವಾರ ಬೆಳಿಗ್ಗೆ ಊರು ನೋಡಲು ಹೊರಟೆವು. ಅತಿಥೇಯರು ಮೊದಲು ಉಮೇದ್ ಭವನ ಅರಮನೆಗೆ ಕರೆದೊಯ್ಯುತ್ತೇವೆಂದರು. ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲೆಂದು ೧೯೨೯ರಲ್ಲಿ ಕಟ್ಟಲಾರಂಭಿಸಿ ೧೯೪೩ರಲ್ಲಿ ಮುಗಿಸಿದ ಕಟ್ಟಡ. ಮುನ್ನೂರಕ್ಕೂ ಮೇಲೆ ಕೋಣೆಗಳಿವೆಯಂತೆ. "ನಾನು ಮೈಸೂರಿನವನು, ನನಗೆ ಅರಮನೆ ತೋರಿಸ್ತೀರಾ?" ಎಂದರು ಮೇಷ್ಟ್ರು. ಅಲ್ಲಿಗೆ ಅರಮನೆಯ ಮಾತು ಮುಗಿಯಿತು.

ಕೋಟೆ ಮಾತ್ರ ಬಿಡುವಂಥದಲ್ಲ. ರಾವ್ ಜೋಧಾ ಎಂಬ ರಾಠೋಡ ದೊರೆ ೧೪೫೯ರಲ್ಲಿ ತನ್ನ ರಾಜಧಾನಿಯನ್ನು ಹತ್ತಿರದ ಮಂಡೋರಿನಿಂದ ಈ ಬಂಡೆಯ ಮೇಲಕ್ಕೆ ತಂದನು. ಮಂಡೋರ್ ಮಂಡೋದರಿಯ ತವರೂರೆಂದೂ ಆದ್ದರಿಂದ ರಾವಣ ಈ ಸೀಮೆಗೆ ಅಳಿಯನೆಂದೂ ಪ್ರತೀತಿ. ಅಳಿಯಂದಿರಿಗೆ ಎಲ್ಲ ಊರಿನಲ್ಲೂ ವಿಶೇಷ ಮರ್ಯಾದೆ. ಇಲ್ಲಿ ರಾವಣನಿಗೆ ಗುಡಿಯೇ ಇದೆ. ಮೆಹರಾನ್‌ಗಢವೆಂಬ ಈ ಕೋಟೆ ಊರಿನಿಂದ ನಾನೂರು ಅಡಿ ಎತ್ತರದಲ್ಲಿ ನಿಂತಿದೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಆರಂಭವಾಯಿತು ಎಂದು ಕೆಳಗಿನಿಂದ ಗುರುತಿಸುವುದು ಕಷ್ಟ. ಮೇಲಿನಿಂದ ನೋಡಿದರೆ ಹಳೆಯ ಊರಿನ ಮನೆಗಳೆಲ್ಲ ನೀಲಿ, ನಮ್ಮಲ್ಲಿ ಸುಣ್ಣಕ್ಕೆ ನೀಲಿ ಹೆಚ್ಚಾದರೆ ಬರುವ ಬಣ್ಣ. ಬ್ರಾಹ್ಮಣರ ಮನೆಗಳ ಗುರುತು ಅದಾಗಿತ್ತೆಂದು ಕೆಲವರು, ಬಿಸಿಲು ತಡೆಯಲೆಂದು ಕೆಲವರು, ಗೆದ್ದಲು ಬಾರದಿರಲೆಂದು ಕೆಲವರು ಹೇಳುತ್ತಾರೆ. ಊರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು ೩೬ ಸೆಂಟಿಮೀಟರು. ಬೆಂಗಳೂರಿಗೆ ಬೀಳುವುದರ ಅರ್ಧಕ್ಕೂ ಕಡಮೆ. ಕೋಟೆಯ ಮಗ್ಗುಲಿನ ಬಂಡೆನೆಲದಲ್ಲಿ ಮರುಭೂಮಿಯ ಗಿಡಗಳ ಉದ್ಯಾನವೊಂದಿದೆ. ೨೦೦೬ರಿಂದ ಅಲ್ಲಿ ಬೇರುಸಹಿತ ಕಿತ್ತು ತೆಗೆದ ಕಳೆ ಯಾವುದು ಬಲ್ಲಿರಾ? ನಮ್ಮ ಬಳ್ಳಾರಿ ಜಾಲಿ! ಅದರ ಮೂಲ ಅಮೆರಿಕ ಖಂಡ. ಇಲ್ಲಿಯೂ ಪರದೇಶಿ, ಬಳ್ಳಾರಿಯಲ್ಲಿಯೂ ಪರದೇಶಿ. ಹೆಸರಿನಲ್ಲಿ ಮಾತ್ರ ಸ್ವಂತ ಊರು ಮಾಡಿಕೊಂಡಿದೆ.

ಕೋಟೆಯ ಬಾಗಿಲ ಬಳಿ ರುಮಾಲಿನ ಮುದುಕರೊಬ್ಬರು ರಾವಣಹತ್ಥಾ ನುಡಿಸುತ್ತ ಕುಳಿತಿದ್ದರು. ಬಿದಿರಿನ ದಂಡ, ಕುದುರೆಯ ಕೂದಲಿನ ತಂತಿ, ಗೆಜ್ಜೆ ಕಟ್ಟಿದ ಕಮಾನು. ಬುರುಡೆ ಯಾವುದೆಂದು ಬಗ್ಗಿ ನೋಡಿದರೆ ತೆಂಗಿನ ಕರಟ! ಸುತ್ತ ನೂರಾರು ಮೈಲಿ ಒಂದು ತೆಂಗಿನ ಮರವಿಲ್ಲದ ನಾಡಿನಲ್ಲಿ ಕರಟಕ್ಕೆ ಚರ್ಮ ಬಿಗಿದು ವಾದ್ಯ ಮಾಡಿದ್ದಾರೆ. ಭೋಪಾ ಎಂಬ ಇವರ ಪಂಗಡದವರು ಪಾಬೂಜಿ ಎಂಬ ವೀರದೇವತೆಯ ಕಥೆಯನ್ನು ಬಣ್ಣದ ಬಟ್ಟೆಯ ಪಟದ ಮುಂದೆ ರಾತ್ರಿಯಿಡೀ ಹಾಡುವವರು. ಮೇಷ್ಟ್ರು ಮೆಟ್ಟಿಲ ಮೇಲೆ ಅವರ ಪಕ್ಕ ಕುಳಿತು ಚೀಲ ಬಿಚ್ಚಿದರು. ಮುರಿದ ಮೋರ್ಸಿಂಗನ್ನು ಕಂಡೊಡನೆ ಮುದುಕರ ಮುಖ ಅರಳಿತು.

"ಮೋರ್‌ಚಂಗ್!" ಎಂದರು.

ಆಗ ನಮಗೆ ತಿಳಿಯಿತು, ನಾವು ಬಂದಿರುವುದು ಈ ವಾದ್ಯದ ನೆಂಟರ ಊರಿಗೆ ಎಂದು. ಮೋರ್‌ಚಂಗ್ ಇಲ್ಲಿ ಕುರಿ ಕಾಯುವವರ ಜೇಬಿನಲ್ಲಿರುವ ಸಾಮಾನು. ಲಂಗಾ, ಮಾಂಗಣಿಯಾರ್ ಎಂಬ ವೃತ್ತಿಗಾಯಕರ ಮೇಳದಲ್ಲಿಯೂ ಇದೆ. ಹೀಗೆ ನೋಡಿದರೆ ಇದರ ಬಳಗ ಬಹಳ ದೊಡ್ಡದು. ಸೈಬೀರಿಯದ ಯಾಕೂತರಲ್ಲಿ, ಆಸ್ಟ್ರಿಯದ ಬೆಟ್ಟಗಳಲ್ಲಿ, ವಿಯೆಟ್ನಾಮಿನಲ್ಲಿ ಎಲ್ಲ ಕಡೆಯೂ ಇದನ್ನು ಬಾಯಿಗಿಟ್ಟು ಮೀಟುವವರಿದ್ದಾರೆ. ತಾಳದ ಲೆಕ್ಕಾಚಾರಕ್ಕೆ ಕೂರಿಸಿ ಮೃದಂಗದ ನಡೆಗಳನ್ನೆಲ್ಲ ಇದರಿಂದ ಹೇಳಿಸಿದ್ದು ಮಾತ್ರ ನಮ್ಮ ದಕ್ಷಿಣದವರ ಕೆಲಸ. ಮುದುಕರು ಕೈ ತೋರಿಸಿ, ಘಂಟಾಘರದ ಪೇಟೆಯಲ್ಲಿ ಸಿಗುತ್ತದೆ, ಹೋಗಿ ಎಂದರು.

ಘಂಟಾಘರವೆಂದರೆ ಸರ್ದಾರ್ ಸಿಂಗ್ ಮಹಾರಾಜರ ಕಾಲದಲ್ಲಿ ಕಟ್ಟಿದ ಗಡಿಯಾರದ ಗೋಪುರ. ಸುತ್ತ ಅವರದೇ ಹೆಸರಿನ ಪೇಟೆ. ಭಾನುವಾರವಾದ್ದರಿಂದ ಒಂದಷ್ಟು ಅಂಗಡಿಗಳು ಮುಚ್ಚಿದ್ದವು. ತೆರೆದಿದ್ದ ಒಂದರಲ್ಲಿ ಒಂಟೆಯ ಗೊಂಬೆ, ಕನ್ನಡಿ ಹೊಲಿದ ಚೀಲಗಳ ನಡುವೆ ಒಂದು ಬುಟ್ಟಿಯ ತುಂಬ ಮೋರ್‌ಚಂಗ್. ಬಣ್ಣ ಬಳಿದದ್ದು, ನವಿಲು ಕೆತ್ತಿದ್ದು, ಕುಚ್ಚು ಕಟ್ಟಿದ್ದು. ಮೇಷ್ಟ್ರು ಒಂದೊಂದನ್ನೇ ಕಿವಿಯ ಬಳಿ ಹಿಡಿದು ಮೀಟುತ್ತ ಹೋದರು. ಅಂಗಡಿಯಾತ ಮೊದಲು ವ್ಯಾಪಾರವಾಗುವುದೆಂದು ಚಹ ತರಿಸಿದನು. ಇಪ್ಪತ್ತಾಗಿ ಮೂವತ್ತಾದಾಗ ತಾನೇ ಕುಡಿದನು. ಒಂದಕ್ಕೂ ದನಿಯಿಲ್ಲ, ತಗಡು ಬಡಿದಂತೆ ಗರಗರ. "ಇದು ಗೋಡೆಗೆ ತೂಗುಹಾಕೋ ವಾದ್ಯ" ಎಂದು ಮೇಷ್ಟ್ರು ಬುಟ್ಟಿ ಹಿಂದಿರುಗಿಸಿದರು. ಹೊರಗೆ ನಿಂತು ಮಿರ್ಚಿ ಬಡಾ ತಿಂದೆವು. ನಮ್ಮ ಹುಬ್ಬಳ್ಳಿ ಕಡೆಯ ಮಿರ್ಚಿ ಭಜಿಯ ಅಣ್ಣ ಇದು. ದಪ್ಪ ಮೆಣಸಿನಕಾಯಿಯ ಹೊಟ್ಟೆಗೆ ಆಲೂಗಡ್ಡೆ ತುಂಬಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಮಂಡಕ್ಕಿಯಿಲ್ಲದೆ ಇದನ್ನು ಹೇಗೆ ತಿನ್ನುತ್ತಾರೋ ಎಂದು ಧಾರವಾಡದವರಾದ ನಮ್ಮ ಮನೆಯವರು ಮರುಗಿದರು.

ಅಲ್ಲಿಂದ ಮುಂದೆ ದಾರಿ ತೋರಿಸಿದವರು ರಸ್ತೆ ಬದಿಯ ಗಾಡಿಯಾ ಲೋಹಾರರು. ದೆಹಲಿಯ ಓದುಗರು ಇವರನ್ನು ಕಂಡಿರುತ್ತಾರೆ: ಹಿತ್ತಾಳೆ ಬಡಿದ ಎತ್ತಿನ ಗಾಡಿ, ಪಕ್ಕದಲ್ಲಿ ನೆಲದ ಮೇಲೆ ಕುಲುಮೆ, ಗಂಡಸು ಇಕ್ಕಳದಲ್ಲಿ ಕಬ್ಬಿಣ ಹಿಡಿದರೆ ಹೆಂಗಸು ಸುತ್ತಿಗೆ ಎತ್ತಿ ಬಡಿಯುತ್ತಾಳೆ. ೧೫೬೮ರಲ್ಲಿ ಚಿತ್ತೋಡ ಬಿದ್ದಾಗ, ಅದು ಮರಳಿ ನಮ್ಮದಾಗುವವರೆಗೆ ಸೂರಿನ ಕೆಳಗೆ ಮಲಗುವುದಿಲ್ಲವೆಂದು ಪೂರ್ವಿಕರು ಆಣೆ ಮಾಡಿದರೆಂದು ಇವರ ನಂಬಿಕೆ. ೧೯೫೫ರ ಏಪ್ರಿಲ್‌ನಲ್ಲಿ ಪ್ರಧಾನಿ ನೆಹರೂ ಅವರೇ ಮುಂದೆ ನಡೆದು ಇವರನ್ನು ಚಿತ್ತೋಡದ ಕೋಟೆಯೊಳಕ್ಕೆ ಕರೆದೊಯ್ದರು. ಆಣೆ ತೀರಿತು. ಆದರೆ ಎಷ್ಟೋ ಸಂಸಾರಗಳು ಇನ್ನೂ ಗಾಡಿಯ ಪಕ್ಕದಲ್ಲಿಯೇ ಇವೆ. ಆಣೆಗಿಂತ ಬಡತನ ಗಟ್ಟಿ. ಅಲ್ಲಿದ್ದ ಹೆಂಗಸು ಮುರಿದ ಮೋರ್ಸಿಂಗನ್ನು ತಿರುಗಿಸಿ ನೋಡಿ, "ನಾವು ಬಾಣಲೆ, ಸೌಟು, ಕೊಡಲಿ ಮಾಡುವವರು. ಇದು ಸಣ್ಣ ಕೈಯ ಕೆಲಸ" ಎಂದು ಹಳೆಯ ಊರಿನೊಳಗಿನ ಒಬ್ಬ ಕಮ್ಮಾರರ ಗುರುತು ಹೇಳಿದಳು.

ಹಳೆಯ ಊರಿನ ಓಣಿಗಳಲ್ಲಿ ಆಟೋ ನುಗ್ಗುವುದಿಲ್ಲ. ದಾರಿಯಲ್ಲಿ ತೂರ್‌ಜಿ ಕಾ ಝಾಲ್ರಾ ಎಂಬ ಬಾವಿ ಸಿಕ್ಕಿತು. ೧೭೪೦ರ ದಶಕದಲ್ಲಿ ರಾಣಿಯೊಬ್ಬರು ಕಟ್ಟಿಸಿದ್ದು. ಬಹುಕಾಲ ಕಸದಲ್ಲಿ ಮುಚ್ಚಿಹೋಗಿ ಈಚೆಗೆ ಮತ್ತೆ ಬೆಳಕಿಗೆ ಬಂದಿದೆ. ಹಂಪೆಯ ಪುಷ್ಕರಣಿ ಕಂಡವರಿಗೆ ಮೆಟ್ಟಿಲುಗಳ ಲೆಕ್ಕ ಗುರುತು ಸಿಗುತ್ತದೆ, ಆದರೆ ಇದು ಕೆಂಪು ಕಲ್ಲು ಮತ್ತು ಬಹಳ ಆಳ. ಹುಡುಗರು ಮೇಲಿನ ಕಟ್ಟೆಯಿಂದ ನೀರಿಗೆ ಧುಮುಕುತ್ತಿದ್ದರು. ಧುಮುಕಿದ ಸದ್ದು ನಾಲ್ಕು ಗೋಡೆಗೆ ತಾಗಿ ಮೇಲೇರಿ ಬರುತ್ತಿತ್ತು. ಮೇಷ್ಟ್ರು ಒಂದು ಚಪ್ಪಾಳೆ ತಟ್ಟಿ, ಕಿವಿಗೊಟ್ಟು, "ಇಲ್ಲಿ ಕಛೇರಿ ಇಟ್ಟಿದ್ದರೆ ಮೈಕಿನವನಿಗೆ ಕೊಡೋ ದುಡ್ಡು ನಮಗೆ ಸಿಗ್ತಿತ್ತು" ಎಂದರು.

ಕಮ್ಮಾರರ ಮನೆ ಒಂದು ನೀಲಿ ಗೋಡೆಯ ಹಿಂದೆ. ಐವತ್ತು ದಾಟಿದವರು, ತೆಳು ಮೈ, ಹಣೆಗೇರಿಸಿದ ಕನ್ನಡಕ. "ಖಮ್ಮಾ ಘಣೀ" ಎಂದು ಕೈಮುಗಿದರು. ಹೆಚ್ಚು ಮಾತಿಲ್ಲ. ಮೇಷ್ಟ್ರಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ನಾವು ನಡುವೆ ತರ್ಜುಮೆಗೆ ನಿಂತೆವು. ಆದರೆ ಐದು ನಿಮಿಷದಲ್ಲಿ ನಮ್ಮ ಕೆಲಸ ಹೋಯಿತು. ಇಬ್ಬರೂ ಕಬ್ಬಿಣವನ್ನು ನೋಡುತ್ತಿದ್ದರು, ಒಬ್ಬರು ಬೆರಳಿಟ್ಟಲ್ಲಿ ಇನ್ನೊಬ್ಬರು ತಲೆಯಾಡಿಸುತ್ತಿದ್ದರು.

ಕಮ್ಮಾರರು ಮುರಿದ ಕೊನೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಅರ್ಧ ಭಾಗ ಕಪ್ಪು, ಅರ್ಧ ಭಾಗ ಹೊಳಪು. ಕಪ್ಪಾದದ್ದು ಹಳೆಯ ಬಿರುಕು, ಹೊಳೆಯುವುದು ನಿನ್ನೆ ಮುರಿದದ್ದು. ಎಂದರೆ ಎಷ್ಟೋ ಕಾಲದಿಂದ ಅರ್ಧ ನಾಲಿಗೆಯ ಮೇಲೆಯೇ ಮೇಷ್ಟ್ರು ನುಡಿಸುತ್ತಿದ್ದರು. ಬಾಗಿ ಬಾಗಿ ಉಕ್ಕೂ ದಣಿಯುತ್ತದೆ. ಬಳೆ ಗಟ್ಟಿಯಾಗಿದೆ, ಇಂಥ ಕಬ್ಬಿಣ ಈಗ ಸಿಗುವುದಿಲ್ಲ, ನಾಲಿಗೆ ಮಾತ್ರ ಹೊಸದು ಕೂರಿಸುತ್ತೇನೆ, ನಾಳೆ ಮಧ್ಯಾಹ್ನ ಬನ್ನಿ ಎಂದರು. ಶ್ರುತಿ ಯಾವುದು ಬೇಕೆಂದು ಹೇಳುವುದು ಹೇಗೆ? ಅವರಿಗೆ ಐದೂವರೆ ಮನೆಯೆಂದರೇನೂ ಅಲ್ಲ. ಅವರ ಲೆಕ್ಕದಲ್ಲಿ ಇರುವುದು ದಪ್ಪ ದನಿ, ಸಣ್ಣ ದನಿ. ಮೇಷ್ಟ್ರು ಮೊಬೈಲಿನಲ್ಲಿ ತಂಬೂರಿಯ ಶ್ರುತಿ ಹಚ್ಚಿ ಕುಲುಮೆಯ ಕಟ್ಟೆಯ ಮೇಲೆ ಇಟ್ಟರು. ಕಮ್ಮಾರರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, ಮಗನನ್ನು ಕರೆದು ಅದನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡರು.

ಆ ಸಂಜೆ ಹೊತ್ತು ಕಳೆಯಲು ಊರ ಹೊರಗಿನ ಅರ್ಣಾ ಝರ್ಣಾ ಎಂಬ ಮರುಭೂಮಿ ಸಂಗ್ರಹಾಲಯಕ್ಕೆ ಹೋದೆವು. ಇದು ಕೋಮಲ್ ಕೋಠಾರಿ ಎಂಬ ದೊಡ್ಡವರ ಕಲ್ಪನೆ. ಅವರೂ ಕಥೆಗಾರ ವಿಜಯದಾನ ದೇಥಾ ಅವರೂ ಸೇರಿ ೧೯೬೦ರಲ್ಲಿ ಬೋರುಂದಾ ಹಳ್ಳಿಯಲ್ಲಿ ರೂಪಾಯನ್ ಸಂಸ್ಥಾನವನ್ನು ಕಟ್ಟಿ, ಹಳ್ಳಿ ಹಳ್ಳಿ ಅಲೆದು ಹಾಡು ಕಥೆಗಳನ್ನು ಸಂಗ್ರಹಿಸಿದರು. ೨೦೦೪ರಲ್ಲಿ ತೀರಿಕೊಂಡ ಕೋಠಾರಿಯವರಿಗೆ ಅದೇ ವರ್ಷ ಪದ್ಮಭೂಷಣ ಬಂದಿತ್ತು. ಸಂಗ್ರಹಾಲಯದಲ್ಲಿ ಮುಖ್ಯವಾಗಿ ಏನಿಟ್ಟಿದ್ದಾರೆಂದರೆ ಪೊರಕೆಗಳು! ನೂರಾರು ಬಗೆ, ಮನೆಯೊಳಗಿನದು ಬೇರೆ, ಅಂಗಳದ್ದು ಬೇರೆ, ಕಣದ್ದು ಬೇರೆ. ನಮ್ಮ ಗುಂಪಿನಲ್ಲಿಯೇ ಮೈಸೂರಿನವರು ಪೊರಕೆ, ಧಾರವಾಡದವರು ಕಸಬರಿಗೆ, ಪಿಟೀಲಿನವರು ಕರಾವಳಿಯವರಾದ್ದರಿಂದ ಹಿಡಿಸೂಡಿ ಎಂದು ಮೂರು ಪಕ್ಷವಾಗಿ ವಾದಕ್ಕೆ ನಿಂತೆವು.

ಅಲ್ಲಿ ಮಾಂಗಣಿಯಾರರ ವಿಷಯ ಕೇಳಿ ತಿಳಿದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜೈಸಲ್ಮೇರ್, ಬಾಡಮೇರ್ ಕಡೆಯ ಈ ಗಾಯಕರು ಮುಸಲ್ಮಾನರು. ಅವರ ಯಜಮಾನರ ಮನೆತನಗಳು ಹೆಚ್ಚಾಗಿ ಹಿಂದೂ ರಜಪೂತರವು. ಮಗು ಹುಟ್ಟಿದರೆ ಮಾಂಗಣಿಯಾರ್ ಹಾಡಬೇಕು, ಮದುವೆಯಾದರೆ ಹಾಡಬೇಕು, ಯಜಮಾನನ ವಂಶಾವಳಿಯನ್ನು ತಲೆಮಾರು ತಲೆಮಾರಾಗಿ ಹೊಗಳಿ ಒಪ್ಪಿಸಬೇಕು. ಯಜಮಾನನು ದವಸ, ಹಣ, ಕುರಿ, ಒಂಟೆ ಕೊಡಬೇಕು. ಗಾಯಕನ ಮಗನಿಗೆ ಯಜಮಾನನ ಮಗ ಯಜಮಾನ. ಮನೆ, ಹೊಲಗಳ ಹಾಗೆ ಇದೂ ಪಿತ್ರಾರ್ಜಿತ. ಕಮಾಯಿಚಾ ಎಂಬ ಅವರ ವಾದ್ಯದ ಹೊಟ್ಟೆ ದೊಡ್ಡ ಬೋಗುಣಿಯಷ್ಟಿದೆ, ಮೇಲೆ ಮೇಕೆಯ ಚರ್ಮ, ಕರುಳಿನ ತಂತಿ. ಅದನ್ನು ನುಡಿಸುತ್ತಿದ್ದ ಹಮೀರಾ ಗ್ರಾಮದ ಸಾಕರ್ ಖಾನರಿಗೆ ೨೦೧೨ರಲ್ಲಿ ಪದ್ಮಶ್ರೀ ಸಂದಿತು, ಮರುವರ್ಷ ತೀರಿಹೋದರು. ಇಂಥವರನ್ನು ಯಜಮಾನರ ಅಂಗಳದಿಂದ ಹೊರಗಿನ ಪ್ರಪಂಚದ ವೇದಿಕೆಗೆ ಕರೆತಂದವರು ಕೋಠಾರಿ. ಒಳ್ಳೆಯದೇ ಆಯಿತು. ಆದರೆ ವೇದಿಕೆ ಇಪ್ಪತ್ತು ನಿಮಿಷ ಕೊಡುತ್ತದೆ, ಅಂಗಳ ರಾತ್ರಿಯೆಲ್ಲ ಕೊಡುತ್ತಿತ್ತು.

"ಇವರಿಗೆ ಗೊತ್ತುಮಾಡಿದ ಯಜಮಾನರಾದರೂ ಇದ್ದಾರೆ. ನನ್ನ ಯಜಮಾನರು ಯಾರು, ಹೇಳಿ?" ಎಂದು ಮೇಷ್ಟ್ರು ಹೊರಗೆ ಬಂದು ಕೇಳಿದರು. ನಮಗೆ ಉತ್ತರ ಹೊಳೆಯದೆ ಇರಲಿಲ್ಲ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ವರ್ಷಕ್ಕೊಮ್ಮೆ ಚಂದಾ ಎತ್ತಿ, ಬಾಡಿಗೆಯ ಸಭಾಂಗಣ ಹಿಡಿದು, ಊರಿನಿಂದ ವಿದ್ವಾಂಸರನ್ನು ಕರೆಸುವ ನಮ್ಮಂಥ ಸಂಘಗಳೇ ಅವರ ಯಜಮಾನರು. ಆದರೆ ನಾವು ಕಂತಿನ ಯಜಮಾನರು. ವಂಶಾವಳಿ ಹಾಡಿಸಿಕೊಳ್ಳುವಷ್ಟು ಕಾಲ ಯಾವ ಊರಿನಲ್ಲಿಯೂ ನಿಂತವರಲ್ಲ. ಪೆನ್ಸಿಲಿನ ಗೀಟು ಎಳೆಯುವವರೂ ನಾವೇ. ಇದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಸಾಲಲಿಲ್ಲ.

ಸೋಮವಾರ ಹನ್ನೊಂದಕ್ಕೇ ಮೇಷ್ಟ್ರು ಕುಲುಮೆಯ ಮುಂದೆ. ಕಮ್ಮಾರರು ಹಳೆಯ ಗರಗಸದ ಅಲಗಿನಿಂದ ನಾಲಿಗೆ ಕತ್ತರಿಸಿ ತೆಳ್ಳಗೆ ಬಡಿದಿಟ್ಟಿದ್ದರು. ನಮ್ಮೆದುರಿಗೆ ಅದನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರು. ಹಾಗೆಯೇ ಬಿಟ್ಟರೆ ಗಾಜಿನಂತೆ ಒಡೆಯುತ್ತದಂತೆ. ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲನೆ ಬಿಸಿ ಮಾಡುತ್ತ ಬಣ್ಣ ನೋಡುತ್ತಿದ್ದರು: ಹುಲ್ಲಿನ ಹಳದಿ, ಕಂದು, ನೇರಿಳೆ, ಕೊನೆಗೆ ಆ ಊರಿನ ಗೋಡೆಗಳ ನೀಲಿ. ನೀಲಿ ಬಂದ ಕ್ಷಣ ತೆಗೆದರು. ಬಳೆಯ ನೆತ್ತಿಯ ಹಳೆಯ ಕಚ್ಚಿನಲ್ಲಿ ನಾಲಿಗೆಯ ಬುಡ ಕೂರಿಸಿ, ಎರಡು ಕಡೆಯ ಅಂಚನ್ನು ಸಣ್ಣ ಸುತ್ತಿಗೆಯಿಂದ ಬಡಿದು ಬಿಗಿದರು. ನಾಲಿಗೆಗೂ ತೋಳುಗಳಿಗೂ ನಡುವೆ ಒಂದು ಕಾಗದ ಹಾಯುವಷ್ಟೇ ಸಂದು ಇರಬೇಕು. ಹೆಚ್ಚಾದರೆ ದನಿ ಸೋರುತ್ತದೆ, ತಾಗಿದರೆ ಕಿರುಗುಟ್ಟುತ್ತದೆ. ಬೀಡಿಯ ಕಟ್ಟಿನ ಕಾಗದವನ್ನೇ ಹಾಯಿಸಿ ನೋಡಿದರು.

ಮೇಷ್ಟ್ರು ಮೀಟಿದರು. ದನಿ ಇತ್ತು, ಶ್ರುತಿ ಒಂದಿಷ್ಟು ಕೆಳಗಿತ್ತು. ಇಲ್ಲಿಂದ ಮುಂದಿನದು ಮೇಷ್ಟ್ರ ವಿದ್ಯೆ. ನಾಲಿಗೆಯ ತುದಿಯನ್ನು ಅರದಿಂದ ಉಜ್ಜಿದರೆ ತೂಕ ಇಳಿದು ಶ್ರುತಿ ಏರುತ್ತದೆ. ಏರಿದ್ದನ್ನು ಇಳಿಸಬೇಕಾದರೆ ತುದಿಗೆ ಜೇನುಮೇಣ ಮೆತ್ತಬೇಕು. ನಾಲ್ಕು ಸಲ ಉಜ್ಜುವುದು, ಒಮ್ಮೆ ಮೀಟುವುದು. ಒಂದು ಗಂ‌ಟೆ ಹೀಗೆಯೇ ನಡೆಯಿತು. ಬೇಕೆಂದೇ ಕೂದಲೆಳೆಯಷ್ಟು ಹೆಚ್ಚು ಏರಿಸಿ, ಸಾಸಿವೆ ಕಾಳಿನಷ್ಟು ಮೇಣ ಹಚ್ಚಿ ಇಳಿಸಿ, ಮೊಬೈಲಿನ ತಂಬೂರಿಗೆ ಕೂಡಿಸಿದರು. ಕೂಡಿದಾಗ ಎರಡು ದನಿ ಒಂದಾದದ್ದು ಸಂಗೀತ ತಿಳಿಯದ ನಮಗೂ ತಿಳಿಯಿತು. ಕಮ್ಮಾರರು ಎದ್ದುಬಂದು ಹತ್ತಿರ ಕುಳಿತರು. ಮೇಷ್ಟ್ರು ಆದಿತಾಳದಲ್ಲಿ ಒಂದು ನಡೆ ನುಡಿಸಿ, ಅದನ್ನೇ ಬಾಯಲ್ಲಿ 'ತಕಧಿಮಿ ತಕಝಣು' ಎಂದು ಹೇಳಿ, ಮತ್ತೆ ನುಡಿಸಿ ತೋರಿಸಿದರು. ಮೂವತ್ತು ವರ್ಷದಿಂದ ಮೋರ್‌ಚಂಗ್ ಮಾಡುತ್ತಿದ್ದೇನೆ, ಅದು ಮಾತಾಡುವುದನ್ನು ಇವತ್ತೇ ಕೇಳಿದ್ದು ಎಂದರು ಆತ.

ಕೂಲಿಯ ಪ್ರಶ್ನೆ ಬಂದಾಗ ಜಗಳವಾಯಿತು. ಅವರು ಕೇಳಿದ್ದು ಮುನ್ನೂರು ರೂಪಾಯಿ. ಮೇಷ್ಟ್ರು ಎರಡು ಸಾವಿರ ಮುಂದಿಟ್ಟರು. ಅವರು ಹಿಂದಕ್ಕೆ ತಳ್ಳಿದರು, ಇವರು ಮುಂದಕ್ಕೆ ತಳ್ಳಿದರು. ನಡುವೆ ತರ್ಜುಮೆಗೆ ನಿಂತ ನಾವು ಇಬ್ಬರಿಂದಲೂ ಬೈಸಿಕೊಂಡೆವು. ಕಡೆಗೆ, ಅದೇ ಶ್ರುತಿಗೆ ಇನ್ನೆರಡು ಹೊಸ ಮೋರ್ಸಿಂಗ್ ಮಾಡಿ ಕಳಿಸುವುದೆಂದು ಒಪ್ಪಂದವಾಗಿ ಹಣ ಅವರ ಪೆಟ್ಟಿಗೆಗೆ ಹೋಯಿತು.

ಸಂಜೆಯ ಕಛೇರಿ ಒಂದು ಕಾಲೇಜಿನಲ್ಲಿ. ಸಭಿಕರಲ್ಲಿ ಅರ್ಧಕ್ಕೂ ಹೆಚ್ಚು ಜನ ಊರಿನವರು. ಮೃದಂಗದವರು ಈ ಸಲ ಬುದ್ಧಿವಂತಿಕೆಯಿಂದ ರವೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟುಕೊಂಡು ಕಡೆಯ ಗಳಿಗೆಯಲ್ಲಿ ತೆಗೆದರು. ಮುಖ್ಯ ಕೀರ್ತನೆಯಾದ ಮೇಲೆ ತನಿ ಬಂದಿತು. ಮೋರ್ಸಿಂಗಿನ ದನಿ ಕೇಳಿದೊಡನೆ ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ತಮ್ಮ ಮನೆಯ ಹುಡುಗ ಪರದೇಶದ ವೇಷ ಹಾಕಿಕೊಂಡು ಬಂದಂತೆ ಅವರಿಗೆ ಆಗಿರಬೇಕು. ಮೇಷ್ಟ್ರು ಮೊದಲ ಎರಡು ಆವರ್ತ ಮೆಲ್ಲನೆ, ಹೊಸ ನೆಲದ ಮೇಲೆ ಕಾಲಿಟ್ಟವರಂತೆ ನಡೆದರು. ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಗಾಯಕಿಯವರು ತಾಳ ಹಾಕುತ್ತ ಹಾಕುತ್ತ ಎರಡು ಸಲ ಅವರ ಕಡೆ ತಿರುಗಿ ನೋಡಿದರು.

ರಾತ್ರಿ ಊಟಕ್ಕೆ ಕುಳಿತಾಗ ಕೇಳಿದೆವು: "ಹಳೆಯದರ ಹಾಗೇ ಇದೆಯೇ ಮೇಷ್ಟ್ರೇ?"

"ಇಲ್ಲಪ್ಪ. ಅದು ಬೇರೆ. ಗುರುಗಳ ಬಳೆ, ಮಾರವಾಡದ ನಾಲಿಗೆ. ಸ್ವಲ್ಪ ಒರಟು ಮಾತು. ನಾನೇ ಒಗ್ಗಿಕೋಬೇಕು." ಹೀಗೆಂದು ಕೇರ್ ಸಾಂಗರಿಯ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡರು. ಮುರಿದ ನಾಲಿಗೆಯನ್ನು ಮಾತ್ರ ಎಸೆಯಲಿಲ್ಲ; ಕುಂಕುಮದ ಭರಣಿಯಂಥದರಲ್ಲಿ ಇಟ್ಟುಕೊಂಡಿದ್ದರು.

ಮದರಾಸಿನ ಆರು ಕಛೇರಿಗಳೂ ನಡೆದವು. ಜನವರಿಯಲ್ಲಿ ಜೋಧಪುರದಿಂದ ನಮ್ಮ ವಿಳಾಸಕ್ಕೆ ಒಂದು ಪಾರ್ಸಲು ಬಂದಿತು. ಒಳಗೆ ಮೇಷ್ಟ್ರಿಗೆಂದು ಎರಡು ಮೋರ್ಸಿಂಗ್. ಜೊತೆಗೆ, ಕೇಳದೆಯೇ, ಮಕ್ಕಳಿಗೆಂದು ಸಣ್ಣವು ಮೂರು. ಮೊದಲಿನವನ್ನು ಮೈಸೂರಿಗೆ ಕಳಿಸಿದೆವು. ಉಳಿದ ಮೂರನ್ನು ಸಂಘದ ಮಕ್ಕಳಿಗೆ ಕೊಟ್ಟಿದ್ದೇವೆ. ಕೆಳಗಿನ ಮನೆಯವರ ಲಿಖಿತ ದೂರಿನ ಮೇಲೆ, ನುಡಿಸುವ ವೇಳೆಯನ್ನು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದಕ್ಕೆ ಗೊತ್ತುಮಾಡಲಾಗಿದೆ. ಮೇಷ್ಟ್ರು ಅದೇ ಹೊತ್ತಿಗೆ ಮೈಸೂರಿನಿಂದ ಮೊಬೈಲಿನಲ್ಲಿ ಪಾಠ ಹೇಳುತ್ತಾರೆ. ಸೇರಬಯಸುವ ಮಕ್ಕಳ ತಂದೆತಾಯಿಗಳು ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬಹುದು; ಹಾಲುಹಲ್ಲು ಬಿದ್ದು ಮುಂದಿನ ಹಲ್ಲು ಗಟ್ಟಿಯಾಗಿ ಬಂದಿರಬೇಕು ಎಂಬುದೊಂದೇ ಷರತ್ತು.